ಎರಡು ಗೆರೆ, ಒಂದು ಚುಕ್ಕಿ

"ಇದು ನನ್ನ ಚಾದರವೇ ಅಲ್ಲ!"

ರಮಾಮಣಿಯವರ ಕೂಗಿಗೆ ದಾದರಿನ ಆ ಬಿಲ್ಡಿಂಗಿನ ಮೂರನೆಯ ಮಹಡಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಶನಿವಾರದ ಕೊಳೆ ಬಟ್ಟೆ ಒಯ್ಯಲು ಬಂದು ಹೊಸ್ತಿಲಾಚೆ ಕುಳಿತಿದ್ದ ಅಪ್ಪಿ ಎದ್ದು ನಿಂತಳು. ಗುರುವಾರ ಆ ನಾಲ್ಕು ಚಾದರಗಳನ್ನು ಒಗೆದು, ಇಸ್ತ್ರಿ ಮಾಡಿ ತಂದುಕೊಟ್ಟವನು ಅವಳ ಗಂಡ ಐತ.

ಚಾದರಗಳೆಂದರೆ ಅಂತಿಂಥವಲ್ಲ. ಮಗಳನ್ನು ನೋಡಲು ಬೆಂಗಳೂರಿನಿಂದ ಬರುವವರಿಗಾಗಿ ರಮಾಮಣಿ ಮಾರ್ಕೆಟ್ಟೆಲ್ಲ ಸುತ್ತಿ ಆರಿಸಿ ತಂದದ್ದು. ಇಂಚಿಗೆ ಮುನ್ನೂರು ಎಳೆ! ಕೈಯಾಡಿಸಿದರೆ ಹಾಲಿನ ಕೆನೆ. ಗಿರಣಿಯ ಗಂಜಿ ಹೋಗಿ ಮೆತ್ತಗಾಗಲೆಂದು ಹಾಸುವ ಮೊದಲೇ ಒಮ್ಮೆ ಒಗೆಯಲು ಕೊಟ್ಟಿದ್ದರು. ಧೋಬಿಘಾಟಿನಲ್ಲಿ ಅಪ್ಪಿ ಅವನ್ನು ಯಾರಿಗೂ ಕಾಣದಂತೆ ಕೆನ್ನೆಗೆ ಒತ್ತಿಕೊಂಡಿದ್ದಳು. ಅಜ್ಜಿಯ ಕಥೆಯ ರಾಜಕುಮಾರಿ ಬೆಳದಿಂಗಳನ್ನೇ ಹಾಸಿಕೊಂಡು ಮಲಗುತ್ತಿದ್ದಳಲ್ಲ, ಅದೂ ಹೀಗೆಯೇ ಇದ್ದಿರಬೇಕು.

ಈಗ ಮಂಚದ ಮೇಲೆ ಬಿದ್ದಿದ್ದ ನಾಲ್ಕೂ ಗೋಣಿಯ ತಂಗಿಯಂಥ ಬಟ್ಟೆ. ಮೂಲೆಯಲ್ಲಿ ಮಾತ್ರ ರಮಾಮಣಿಯವರ ಮನೆಯ ಬಟ್ಟೆಗೆಂದು ಧೋಬಿಗಳು ಹಾಕುವ ಕಪ್ಪು ಗುರುತು — ಎರಡು ಗೆರೆ, ಒಂದು ಚುಕ್ಕಿ.

"ಗುರುತು ನಿಮ್ಮದೇ ತಾನೆ?"

"ನಮ್ಮದರ ಹಾಗೇ ಉಂಟು ಅಮ್ಮಾ... ಆದ್ರೆ ಈ ಬಟ್ಟೆ ನಾವು ತಂದದ್ದಲ್ಲ."

"ಹಾಗಾದ್ರೆ ನನ್ನ ಬೀರುವೇ ಅದಲುಬದಲು ಮಾಡಿಬಿಡ್ತೇನು?"

ರಮಾಮಣಿಯವರ ತಮ್ಮ ಸೀತಾರಾಮ ಕುತ್ತಿಗೆ ತುರಿಸಿಕೊಳ್ಳುತ್ತ ಹೊರಬಂದ. ಕೆಲಸ ಹುಡುಕಿಕೊಂಡು ಮೈಸೂರಿನಿಂದ ಬಂದು ಆರು ತಿಂಗಳಾಗಿತ್ತು. ಬಲಗೈ ಬೆರಳುಗಳಿಗೆ ಕರ್ಚೀಫು ಸುತ್ತಿತ್ತು. ಸ್ಟೌ ಸುಟ್ಟಿತೆಂದು ನಿನ್ನೆಯಿಂದ ಹೇಳುತ್ತಿದ್ದ.

"ಇವರ ಹತ್ರ ಏನಕ್ಕ ಮಾತು? ಪೊಲೀಸರನ್ನೇ ಕರೀತೀನಿ."

ಕರೆದೇಬಿಟ್ಟ. ಕೆಳಗೆ ಬಟ್ಟೆಯ ಗಂಟು ಕಾಯುತ್ತಿದ್ದ ಐತನನ್ನು ಹವಾಲ್ದಾರ ರಟ್ಟೆ ಹಿಡಿದೇ ಮೇಲೆ ತಂದ.

"ಗುರುವಾರ ಈ ಸಣ್ಣ ಧನಿಗಳ ಕೈಗೇ ಕೊಟ್ಟದ್ದು," ಎಂದ ಐತ. ಕಣ್ಣು ಸೀತಾರಾಮನತ್ತ ಹೊರಳಿತು. "ಅಪ್ಪೀ, ಹೆದರ್ಬೇಡ."

ಹೆದರದಿರುವುದು ಹೇಗೆ? ಧೋಬಿಘಾಟಿನಲ್ಲಿ ಪಕ್ಕದ ಒಗೆಯುವ ಕಲ್ಲಿನ ಮೋನಪ್ಪನನ್ನೂ ಪೊಲೀಸರು ಹೀಗೆಯೇ ಒಯ್ದಿದ್ದರು. ಹಿಂದಿರುಗಿದಾಗ ಅವನ ಬಲಗೈ ಮೇಲೇಳುತ್ತಿರಲಿಲ್ಲ. ಬಟ್ಟೆ ಎತ್ತಿ ಒಗೆಯುವವನಿಗೆ ಕೈಯೇ ಏಳದಿದ್ದರೆ? ಅಪ್ಪಿ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು.

"ಸ್ವಲ್ಪ ತಡೀರಿ, ಹವಾಲ್ದಾರ್ ಸಾಹೇಬ್ರೆ."

ಪಕ್ಕದ ಮನೆಯ ಸತ್ಯಮೂರ್ತಿ. ಮೂವತ್ತು ವರ್ಷ ಗಿರಣಿಯಲ್ಲಿ ಬಟ್ಟೆ ಪರೀಕ್ಷಿಸಿದವರು. ಎಳೆ ಎಣಿಸುವ ಪುಟ್ಟ ಗಾಜನ್ನು ಜೇಬಿನಿಂದ ತೆಗೆದು ಚಾದರದ ಮೇಲಿಟ್ಟು ಬಗ್ಗಿದರು.

"ನೂರಿಪ್ಪತ್ತು ಎಳೆ ದಾಟೋದಿಲ್ಲ. ಅಂಗಡಿಯವನೇ ಮೋಸ ಮಾಡಿರಬಹುದೇ?"

"ಮನೆಗೆ ತಂದ ಮೇಲೂ ದಿನಕ್ಕೆ ಹತ್ತು ಸಲ ಸವರಿ ನೋಡಿದೀನ್ರಿ!"

ಸತ್ಯಮೂರ್ತಿ ಲೋಟದ ನೀರಲ್ಲಿ ಬೆರಳದ್ದಿ ಬಟ್ಟೆಯ ಮೇಲೊಂದು ಹನಿ ಬಿಟ್ಟರು. ಹನಿ ಇಂಗಲಿಲ್ಲ. ಕೆಸುವಿನ ಎಲೆಯ ಮೇಲಿನ ನೀರಿನಂತೆ ದುಂಡಗೆ ಕುಳಿತಿತು.

"ಅಪ್ಪೀ, ಗುರುತು ಹಾಕೋದು ಯಾವಾಗ?"

"ಒಗೆಯುವ ಮೊದಲು, ಸ್ವಾಮೀ. ಯಾರ ಬಟ್ಟೆ ಯಾವುದು ಅಂತ ಗೊತ್ತಾಗ್ಬೇಕಲ್ಲ?"

"ಈ ಬಟ್ಟೆ ಇನ್ನೂ ನೀರನ್ನೇ ಕಂಡಿಲ್ಲ. ಗಿರಣಿಯ ಗಂಜಿ ಹಾಗೇ ಇದೆ. ಒಗೆಯದ ಬಟ್ಟೆಗೆ ಒಗೆಯೋರ ಗುರುತು ಹೇಗೆ ಬಂತು?"

ಹವಾಲ್ದಾರ ನಕ್ಕು ತನ್ನ ಅರೆಬರೆ ಕನ್ನಡದಲ್ಲಿ ಹೇಳಿದ. "ಧೋಬಿನೇ ಹೊಸಾದು ತಂದು ಗುರುತು ಹಾಕಿದ. ಬಸ್! ಚಲ್ ರೇ!"

ಐತನ ಕಾಲು ಹೊಸ್ತಿಲ ಬಳಿ ತಡವರಿಸಿತು.

"ಒಂದೇ ಪ್ರಶ್ನೆ," ಸತ್ಯಮೂರ್ತಿ ಅಡ್ಡ ನಿಂತರು. "ಗುರುತು ಹಾಕೋರು ಯಾರು?"

ಹೇಳಬೇಡವೆಂದು ಐತ ತಲೆಯಾಡಿಸಿದ. ಹೇಳಿದರೆ ತನ್ನನ್ನು ಒಯ್ಯುತ್ತಾರೆಂದು ಅಪ್ಪಿಗೆ ಗೊತ್ತಿತ್ತು. ಹೇಳದಿದ್ದರೆ ಅವನನ್ನು.

"ನಾನು," ಎಂದಳು ಅಪ್ಪಿ. ಧ್ವನಿ ಬೇರೆ ಯಾರದೋ ಎನ್ನಿಸಿತು. "ಕೇರುಬೀಜ ಚುಚ್ಚಿ, ಅದರ ರಸದಲ್ಲಿ ಬರೆಯುದು. ಕೈಗೆ ಎಣ್ಣೆ ಹಚ್ಚದಿದ್ರೆ ಬೊಕ್ಕೆ ಏಳ್ತದೆ. ನಮ್ಮ ಹೆಸರು ಹೇಳಿಯೇ ಕೇರನ್ನು ಮುಟ್ಬೇಕು ಅಂತಿದ್ರು ನಮ್ಮ ಅಜ್ಜಿ... ಹೆಸರು ಮುಚ್ಚಿಟ್ಟವರನ್ನು ಕೇರು ಕಚ್ತದಂತೆ."

"ಕೈ ತೋರಿಸು."

ಉಗುರಂಚಿನಲ್ಲಿ ಹಳೆಯ ಕಪ್ಪು ಕಲೆ. ಒಂದೂ ಬೊಕ್ಕೆಯಿಲ್ಲ. ಐತನ ಕೈಗಳು ಒಗೆಯುವ ಸೋಡಾಕ್ಕೆ ಸುಕ್ಕುಗಟ್ಟಿದ್ದವು, ಅಷ್ಟೇ.

"ಸೀತಾರಾಮ, ನಿನ್ನ ಕೈ?"

"ಸ್ಟೌ ಸುಟ್ಟಿದ್ದು ಅಂದೆನಲ್ಲ!"

"ಸ್ಟೌ ಕುತ್ತಿಗೆಯನ್ನೂ ಸುಟ್ಟಿತೇ?"

ತುರಿಸುತ್ತಿದ್ದ ಕೈ ಅಲ್ಲೇ ನಿಂತಿತು. ಹವಾಲ್ದಾರ ಐತನನ್ನು ಬಿಟ್ಟು ಅವನ ಕರ್ಚೀಫು ಬಿಚ್ಚಿದ. ನೀರುತುಂಬಿದ ಬೊಕ್ಕೆಗಳು, ಸುತ್ತ ಕಪ್ಪು ಕಲೆ.

"ಅರೇ ದೇವಾ! ಬಿಬ್ಬಾ ಉತಲಾ!"

ಅವನ ಮರಾಠಿಯಲ್ಲಿ ಕೇರೆಂದರೆ ಬಿಬ್ಬಾ; ಅದು ಬೊಕ್ಕೆಯೆಬ್ಬಿಸಿದರೆ 'ಉತಲಾ'. ಆ ಬೊಕ್ಕೆಯನ್ನು ಅವನ ಊರಿನಲ್ಲಿ ನೋಡದವರಿರಲಿಲ್ಲ.

"ಗಂಟು ಇಸಿದುಕೊಂಡವನು ನೀನೇ," ಎಂದರು ಸತ್ಯಮೂರ್ತಿ. "ನಯದ್ದು ಸಾಗಿಸಿ ಒರಟು ತಂದಿಟ್ಟೆ. ಹಳೇ ದಿಂಬಿನ ಚೀಲದ ಮೇಲಿದ್ದುದನ್ನು ನೋಡಿ ಗುರುತು ಬರೆದೆ. ಕೇರಿನಲ್ಲಿ ಬರೀತಾರೆ ಅನ್ನೋದು ಗೊತ್ತಿತ್ತು. ಎಣ್ಣೆಯ ವಿಷಯ ಗೊತ್ತಿರಲಿಲ್ಲ. ಅದೇ ಕೈಯಲ್ಲಿ ಕುತ್ತಿಗೆ ಮುಟ್ಟಿದೆ. ಎಲ್ಲರೂ ಚಾದರದ ಗುರುತು ನೋಡಿದೆವು, ಅದು ಕೈಮೇಲೆ ಬಿಟ್ಟ ಗುರುತು ನೋಡಲಿಲ್ಲ."

ಸೀತಾರಾಮ ಕುಸಿದು ಕುಳಿತ. "ಕೆಲಸ ಕೊಡಿಸ್ತೀನಿ ಅಂದ್ರು, ಮುಲುಂಡಿನ ಒಬ್ಬ ಸಾಹೇಬರು. ಬರಿಗೈಲಿ ಹೇಗೆ ಹೋಗಲಿ ಅಕ್ಕ? ಅವರ ಹೆಂಡತಿಗೆ ಕೊಟ್ಟುಬಿಟ್ಟೆ."

"ಅದಕ್ಕೆ ಇನ್ನೊಬ್ಬರ ಗಂಡನನ್ನು ಜೈಲಿಗೆ ಕಳಿಸ್ತಿದ್ಯಾ?" ರಮಾಮಣಿ ಅವನ ಮುಖ ನೋಡಲಿಲ್ಲ. ಅಪ್ಪಿಯ ಮುಖ ನೋಡಲೂ ಆಗಲಿಲ್ಲ.

ಐತನ ರಟ್ಟೆಯ ಮೇಲೆ ಐದು ಬೆರಳು ಕೆಂಪಗೆ ಮೂಡಿದ್ದವು. ಅಪ್ಪಿ ಅದರ ಮೇಲೆ ಅಂಗೈಯಿಟ್ಟಳು.

ಹವಾಲ್ದಾರ ಪುಸ್ತಕ ತೆರೆದು ಸೀತಾರಾಮನತ್ತ ತಿರುಗಿದ. "ನಾವ್ ಸಾಂಗ್. ಹೆಸರು?"

ಸೀತಾರಾಮ ಹೆಸರು ಹೇಳದೆ ಬೊಕ್ಕೆಯ ಕೈಯನ್ನು ಬೆನ್ನ ಹಿಂದೆ ಸರಿಸಿದ.

"ಹೇಳಿಬಿಡಿ ಧನಿ," ಎಂದಳು ಅಪ್ಪಿ ಮೆಲ್ಲಗೆ. "ಮೊದಲೇ ಹೇಳಿದ್ರೆ ಕೇರು ಕಚ್ತಿರ್ಲಿಲ್ಲ."