ಸೂರಿಗೊಂದು ಕೌದಿ

“ಹೊತ್ತು ಇನ್ನ ನೆತ್ತಿಗೆ ಬಂದಿಲ್ಲೇನು?”

ಮಾಳಮ್ಮ ಹೀಗೆ ಕೇಳಿದಾಗ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೊರಗೆ ರಾಯಚೂರಿನ ಬಿಸಿಲು ನಲವತ್ತೇಳು ಡಿಗ್ರಿ ಮುಟ್ಟಿತ್ತು. ಇಷ್ಟು ಹೊತ್ತಿಗೆ ಅವಳ ತಗಡಿನ ಸೂರು ಕಾದು ಚಟ್ ಚಟ್ ಎನ್ನಬೇಕಿತ್ತು. ಆ ಸದ್ದೇ ಅವಳಿಗೆ ಮಧ್ಯಾಹ್ನದ ಗಡಿಯಾರ. ಇಂದು ಸದ್ದು ನಾಲ್ಕು ಮನೆ ಆಚೆಯದೆಂಬಂತೆ ಮಂಕಾಗಿ ಕೇಳುತ್ತಿತ್ತು. ಅನುಮಾನಿಸಿ ಅಂಗಳಕ್ಕೆ ಕಾಲಿಟ್ಟವಳು ಅಂಗಾಲು ಸುಟ್ಟುಕೊಂಡು ಒಳಗೆ ಓಡಿಬಂದಳು. ಬಂದು, ಮೇಲೆ ನೋಡಿ, ಒಬ್ಬಳೇ ನಕ್ಕಳು.

ತಗಡಿನ ಕೆಳಗೆ ಗೇಣು ಜಾಗ ಬಿಟ್ಟು, ಗೋಡೆಯಿಂದ ಗೋಡೆಗೆ ಒಂದು ದೊಡ್ಡ ಕೌದಿಯನ್ನು ಬಿಗಿದು ಕಟ್ಟಿದ್ದರು. ಅದರ ಹೆಸರು ಸೂರುಕೌದಿ. ಅಂಥದು ಜಗತ್ತಿನಲ್ಲಿ ಆಗ ಎರಡೇ ಇದ್ದವು.

ಆ ಕಾಲದಲ್ಲಿ ಬೇಸಿಗೆ ಐದು ತಿಂಗಳಾಗಿತ್ತು. ತಂಪುಯಂತ್ರ ಇಲ್ಲದ ಊರಿರಲಿಲ್ಲ; ಆದರೆ ಅದನ್ನು ಹಗಲಿಡೀ ನಡೆಸಿದರೆ ಬರುವ ಕರೆಂಟ್ ಬಿಲ್ಲನ್ನು ತಗಡಿನ ಮನೆಯವರು ತಾಳುವಂತಿರಲಿಲ್ಲ. ತಗಡು ಒಳಗೆ ಸುರಿಯುವ ಬಿಸಿಯನ್ನು ಯಂತ್ರ ಹೊರಗೆ ಹಾಕಬೇಕು, ತಗಡು ಮತ್ತೆ ಸುರಿಯಬೇಕು. ತೂತು ಕೊಡದಲ್ಲಿ ನೀರು ಹೊತ್ತ ಹಾಗೆ. ಹಸುಗೂಸುಗಳು ಸೆಕೆಗೆ ಬಾಡುವುದನ್ನು ಕಂಡು ಸರ್ಕಾರ ಒಂದು ನಿಯಮ ಮಾಡಿತ್ತು: ಬಾಣಂತಿ ಇರುವ ಕೋಣೆ ಮಧ್ಯಾಹ್ನ ಮೂರು ಗಂಟೆಗೆ ಮೂವತ್ತಮೂರು ಡಿಗ್ರಿ ದಾಟಬಾರದು. ದಾಟಿದರೆ ತಾಯಿ ಮಗು ಮೂರು ತಿಂಗಳು ಜಿಲ್ಲೆಯ ತಂಪುಮಂದಿರದಲ್ಲಿರಬೇಕು. ಅಲ್ಲಿ ಊಟವಿತ್ತು, ದಾದಿಯರಿದ್ದರು. ತಾಯಿಯ ತಾಯಿಗೆ ಮಾತ್ರ ಭಾನುವಾರ ಒಂದು ಗಂಟೆ ಗಾಜಿನಾಚೆಯಿಂದ ನೋಡುವ ಅವಕಾಶ.

ಮಾಳಮ್ಮನ ಒಬ್ಬಳೇ ಮಗಳು ಸುವರ್ಣಳಿಗೆ ಆಗ ಬಸುರಿನ ಏಳನೇ ತಿಂಗಳು. ಚೊಚ್ಚಲ ಬಾಣಂತನ ತವರಿನದು. ಮಗಳಿಗೆ ಎಣ್ಣೆ ತಿಕ್ಕಿ ನೀರು ಹಾಕಬೇಕು, ಕೂಸಿಗೆ ಲೋಬಾನದ ಹೊಗೆ ಹಿಡಿಯಬೇಕು ಎಂದು ಅವಳು ವರ್ಷಗಳಿಂದ ಎಣಿಸಿದ್ದಳು. ಅವಳ ಮನೆಯ ಮಧ್ಯಾಹ್ನದ ತಾಪ ನಲವತ್ತೊಂದಿತ್ತು.

ಅದೇ ದಿನಗಳಲ್ಲಿ ಡಾಕ್ಟರ್ ಚಂದ್ರಮೌಳಿ ಎಂಬ ವಿಜ್ಞಾನಿ ಮೈಸೂರಿನಿಂದ ಬಂದು ರೈಸ್‌ಮಿಲ್ಲುಗಳ ಹಿಂದಿನ ಬೂದಿಗುಡ್ಡೆಗಳನ್ನು ಕೆದಕುತ್ತಿದ್ದರು. ಭತ್ತದ ಹೊಟ್ಟಿನ ಬೂದಿಯನ್ನು ಸಂಸ್ಕರಿಸಿ ಅವರೊಂದು ಪುಡಿ ಮಾಡಿದ್ದರು. ಅದರ ಒಂದೊಂದು ಕಣದಲ್ಲೂ ಕಣ್ಣಿಗೆ ಕಾಣದ ಸಾವಿರಾರು ಗೂಡು, ಗೂಡುಗಳಲ್ಲಿ ಸಿಕ್ಕಿಬಿದ್ದ ಗಾಳಿ. ಅಲುಗಾಡಲಾರದ ಗಾಳಿಯನ್ನು ಶಾಖ ದಾಟುವುದು ಬಹಳ ಕಷ್ಟ. ಪುಡಿಗೆ ಅವರು ‘ಗಾಳಿಬೂದಿ’ ಎಂದು ಹೆಸರಿಟ್ಟರು. ಹಳೆಯ ಬಟ್ಟೆಯ ನಡುವೆ ಅದನ್ನು ತುಂಬಿ ಹೊಲಿದು ಸೂರಿನಡಿ ಕಟ್ಟಿದರೆ ತಂಪುಯಂತ್ರವೇ ಬೇಡವೆಂಬುದು ಅವರ ಲೆಕ್ಕ. ಪರೀಕ್ಷೆಗೆ ಒಂದು ಮನೆ ಬೇಕಿತ್ತು. ಮಿಲ್ಲಿನಲ್ಲಿ ಕಸ ಗುಡಿಸುತ್ತಿದ್ದ ಮಾಳಮ್ಮ ಪೊರಕೆ ಕೆಳಗಿಟ್ಟು ಮುಂದೆ ಬಂದಳು.

“ಅಲ್ರೀ ಸಾಹೇಬ್ರ, ಕೌದಿ ಹೊದ್ರ ಬೆಚ್ಚಗಾಗತೈತಿ. ಮನಿಗೆ ಹೊದಿಸಿದ್ರ ತಣ್ಣಗ ಹೆಂಗಾಗತೈತಿ?”

“ಕೌದಿ ಬೆಚ್ಚಗೆ ಮಾಡೋದಿಲ್ಲ ಮಾಳಮ್ಮ. ನಿಮ್ಮ ಮೈ ಬಿಸಿ ಆಚೆ ಹೋಗದ ಹಾಗೆ ತಡೀತದೆ, ಅಷ್ಟೇ. ಇಲ್ಲಿ ಬಿಸಿ ಇರೋದು ಹೊರಗೆ. ಒಳಗೆ ಬರದ ಹಾಗೆ ತಡೀತದೆ.”

“ಅಂದ್ರ ಬಾಗಿಲು ಕಾಯೋನು.”

“ಹೌದು. ಸಂಬಳ ಕೇಳದೋನು.”

ಓಣಿಯ ಏಳು ಹೆಂಗಸರು ತಂತಮ್ಮ ಹಳೆಯ ಸೀರೆಗಳನ್ನು ತಂದರು. ಚಂದ್ರಮೌಳಿಯವರು ಒಂದು ಹಾಳೆಯಲ್ಲಿ ಸೂಚನೆ ಬರೆದುಕೊಟ್ಟು, ಹೊಲಿಗೆಗಳ ನಡುವೆ ಒಂದು ಗೇಣು ಅಂತರವಿರಲೇಬೇಕೆಂದು ಎರಡು ಸಲ ಹೇಳಿ, ಊರಿಗೆ ಹೋದರು.

ಆದರೆ ಆ ಓಣಿಯಲ್ಲಿ ಕೌದಿ ಹೊಲಿಯುವುದು ಅಳತೆಪಟ್ಟಿಯಿಂದಲ್ಲ, ಪದದಿಂದ. ಹಿರಿಯಳಾದ ಮಹಬೂಬ್‌ಬೀ ತತ್ವಪದ ಎತ್ತುತ್ತಾಳೆ, ಉಳಿದವರು ದನಿಗೂಡಿಸುತ್ತಾರೆ, ತಾಳ ಬಿದ್ದ ಕಡೆ ಸೂಜಿ ಇಳಿಯುತ್ತದೆ. ಗೇಣು ಬಿಟ್ಟು ಹೊಲಿಯಬೇಕೆಂದರೆ ಗುರುವಿನ ಹೆಸರಿನ ನಡುವೆ ಬಾಯಿ ಮುಚ್ಚಿ ಕೂರಬೇಕಾಗುತ್ತದೆ. ಎರಡು ಸಾಲು ಪ್ರಯತ್ನಿಸಿ ನೋಡಿ, ಇದು ಹೊಲಿಗೆಯಲ್ಲ, ಬಿಕ್ಕಳಿಕೆ ಎಂದು ಮಹಬೂಬ್‌ಬೀ ಹಾಳೆಯನ್ನು ಮಡಚಿ ಗೂಡಿನಲ್ಲಿಟ್ಟಳು. ಒಂಬತ್ತು ದಿನಗಳಲ್ಲಿ ಕೌದಿ ಮುಗಿಯಿತು. ಅಕ್ಕಿಕಾಳಿನಷ್ಟು ಅಂತರದ ಹೊಲಿಗೆ. ಒಂದು ದಾರವೂ ಸಡಿಲವಿಲ್ಲ.

ಮರಳಿ ಬಂದ ಚಂದ್ರಮೌಳಿಯವರು ಅದನ್ನು ಕಂಡು ಕಟ್ಟೆಯ ಮೇಲೆ ಕುಳಿತುಬಿಟ್ಟರು. ಒಂದೊಂದು ಹೊಲಿಗೆಯೂ ಪುಡಿಯನ್ನು ಅದುಮಿ ಶಾಖಕ್ಕೆ ದಾರಿ ಮಾಡಿಕೊಡುವ ‘ತಾಪಸೇತು’ ಎಂದು ವಿವರಿಸಿದರು. ಲಕ್ಷ ಸೇತುವೆ ಕಟ್ಟಿದ್ದೀರಲ್ಲ, ಬಿಚ್ಚಿ ಎಂದು ಬೇಡಿಕೊಂಡರು. ಯಾರೂ ಬಿಚ್ಚಲಿಲ್ಲ. ಹೊಲಿದದ್ದನ್ನು ಬಿಚ್ಚಿದರೆ ಹಾಡಿದ್ದು ಎಲ್ಲಿಗೆ ಹೋಗಬೇಕೆಂದು ಮಹಬೂಬ್‌ಬೀ ಕೇಳಿದಳು.

ಉತ್ತರ ತಿಂಗಳ ಬಳಿಕ ಬಂತು. ಚಂದ್ರಮೌಳಿಯವರು ಸೂಚನೆಯಂತೆಯೇ ಹೊಲಿಸಿ ಮೈಸೂರಿನ ತಮ್ಮ ಸಂಸ್ಥೆಯ ಅತಿಥಿಗೃಹದಲ್ಲಿ ಕಟ್ಟಿಸಿದ್ದ ಮೊದಲ ಸೂರುಕೌದಿಯಲ್ಲಿ ಪುಡಿಯೆಲ್ಲ ಜಾರಿ ನಡುವಿಗೆ ಸೇರಿ, ಅದು ದಿನ ತುಂಬಿದ ಎಮ್ಮೆಯ ಹೊಟ್ಟೆಯಂತೆ ಜೋತಿತ್ತು. ಅಂಚುಗಳು ಬರಿದಾಗಿ ಶಾಖ ಅಲ್ಲಿಂದಲೇ ಇಳಿಯುತ್ತಿತ್ತು. ಮಾಳಮ್ಮನ ಮನೆಯದರಲ್ಲಿ ಒಂದು ಚಿಟಿಕೆಯೂ ಕದಲಿರಲಿಲ್ಲ. ತಾಪಮಾಪಕ ಮೂವತ್ತು ತೋರಿಸಿತು. ಚಂದ್ರಮೌಳಿಯವರು ಪ್ರಾಮಾಣಿಕರು. ಮೊದಲು ಮಾಪಕವನ್ನು ಅಲುಗಾಡಿಸಿ ನೋಡಿದರು, ಆಮೇಲೆ ಮಹಬೂಬ್‌ಬೀಗೆ ಕೈಮುಗಿದರು.

ಸುವರ್ಣ ಹೆಣ್ಣು ಹೆತ್ತಳು. ಹನ್ನೊಂದನೆಯ ದಿನ ಮೂರು ಗಂಟೆಗೆ ಆರೋಗ್ಯ ನಿರೀಕ್ಷಕಿ ಬರುವವರಿದ್ದರು. ಸರ್ಕಾರಕ್ಕೆ ಕಳಿಸುವ ವರದಿಯಲ್ಲಿ ‘ಮೂವತ್ತು’ ಎಂದು ಈಗಾಗಲೇ ಬರೆದಿದ್ದ ಚಂದ್ರಮೌಳಿಯವರು ಎರಡೂವರೆಗೇ ಬಂದು ಬಾಗಿಲು ತೆರೆದು ನೋಡಿದರೆ, ಒಳಗೆ ಕಾಲಿಡಲು ಜಾಗವಿರಲಿಲ್ಲ. ಓಣಿಯಲ್ಲಿ ಅದೊಂದೇ ತಂಪು ಮನೆ. ಹೊಲಿದವರು ಏಳು ಮಂದಿ, ಅವರ ಸೊಸೆಯಂದಿರು, ಮೊಣಕಾಲು ನೋವಿನ ಇಬ್ಬರು ಮುದುಕಿಯರು. ಕೆಲವರು ಅಕ್ಕಿ ಆರಿಸುತ್ತಿದ್ದರು; ಕೆಲವರು ಅಂಗಾತ ಮಲಗಿ ಸೂರಿನಲ್ಲಿ ತಮ್ಮ ಸೀರೆಯ ತುಂಡು ಹುಡುಕುತ್ತಿದ್ದರು. ಅಗೋ ನನ್ನ ಮದುವೆಯದು ಎಂದು ಒಬ್ಬಳು ಬೆರಳು ತೋರಿದರೆ, ಮದುವೆಯದಾದರೆ ಅಷ್ಟು ಮಾಸಲು ಯಾಕೆ ಎಂದು ಇನ್ನೊಬ್ಬಳು. ಮಗು ನಿದ್ದೆಹೋಗಿತ್ತು.

ಮಾಪಕ ಮೂವತ್ತೊಂದೂವರೆ ತೋರಿಸುತ್ತಿತ್ತು. ಅವರು ನೋಡುತ್ತಿರುವಂತೆಯೇ ಮೂವತ್ತೆರಡಾಯಿತು.

ಬಾಗಿಲು ಕಾಯುವವನು ಎರಡೂ ಕಡೆ ಕಾಯುತ್ತಾನೆಂಬುದನ್ನು ಅವರ ಲೆಕ್ಕ ಮರೆತಿತ್ತು. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದ ನೂರು ವಾಟಿನ ದೀಪದಷ್ಟು ಶಾಖ ಹೊರಡುತ್ತದೆ. ಹದಿನಾಲ್ಕು ಜನವೆಂದರೆ ನಡುಮನೆಯಲ್ಲಿ ಒಂದು ಕರೆಂಟ್ ಒಲೆ ಹಚ್ಚಿಟ್ಟಂತೆ. ಆ ಬಿಸಿಗೂ ಹೊರಗೆ ಹೋಗಲು ದಾರಿಯಿಲ್ಲ. ಅವರು ಮಾಳಮ್ಮನನ್ನು ಮೂಲೆಗೆ ಕರೆದು ಪಿಸುದನಿಯಲ್ಲಿ ಹೇಳಿದರು. ಒಂದೇ ಒಂದು ಅರ್ಧ ಗಂಟೆ ಎಲ್ಲರನ್ನೂ ಕಳಿಸಬೇಕು. ಇಲ್ಲದಿದ್ದರೆ ಮಗಳು ತಂಪುಮಂದಿರಕ್ಕೆ ಹೋಗಬೇಕಾದೀತು.

ಮಾಳಮ್ಮ ಮಗಳನ್ನು ನೋಡಿದಳು, ಸೂರು ನೋಡಿದಳು. “ಹೆಂಗ ಹೇಳಲ್ರೀ? ಅವರ ಉಟ್ಟ ಸೀರಿ ನಮ್ಮ ನೆತ್ತಿಮ್ಯಾಲ ಐತಿ.”

ಪಿಸುಮಾತು ಮಹಬೂಬ್‌ಬೀಯ ಕಿವಿಗೆ ಬಿದ್ದಿತ್ತು. ಅವಳು ಏಳುವಷ್ಟರಲ್ಲಿ ನಿರೀಕ್ಷಕಿ ಗಿರಿಜಾಬಾಯಿ ಕಾಲು ಗಂಟೆ ಮೊದಲೇ ಬಾಗಿಲಲ್ಲಿದ್ದರು. ಬಿಸಿಲಿಗೆ ಮುಖ ಕೆಂಡವಾಗಿತ್ತು. ಯಾರೋ ಸರಿದು ಗೋಡೆಗೆ ಒರಗಲು ಜಾಗ ಮಾಡಿದರು, ಯಾರೋ ನೀರು ಕೊಟ್ಟರು. ಎರಡು ಚೊಂಬು ನೀರು ಕುಡಿದು, ಸೆರಗಿನಿಂದ ಮುಖ ಒರಸಿ, ಮೂರು ಹೊಡೆಯುವುದನ್ನೇ ಕಾದು ಅವರು ಮಾಪಕ ಹಿಡಿದರು.

ಮೂವತ್ತೆರಡು ಪಾಯಿಂಟ್ ಎಂಟು.

ಗಿರಿಜಾಬಾಯಿ ಅನುಮತಿಪತ್ರಕ್ಕೆ ಸಹಿ ಹಾಕಿ ಮಾಳಮ್ಮನ ಕೈಗಿತ್ತರು. ಮಾಳಮ್ಮ ಅದನ್ನು ಕಣ್ಣಿಗೊತ್ತಿಕೊಂಡು, ಏನು ಮಾಡಬೇಕೆಂದು ತೋಚದೆ, ಕೂಸನ್ನೇ ಎತ್ತಿ ಅವರ ತೊಡೆಯ ಮೇಲಿಟ್ಟಳು. ಮಹಬೂಬ್‌ಬೀ ಪದ ಎತ್ತಿದಳು. ಸೂಜಿಯಿಲ್ಲದಿದ್ದರೂ ಬೆರಳುಗಳು ತಾಳಕ್ಕೆ ಇಳಿದು ಏಳತೊಡಗಿದವು.

ಚಂದ್ರಮೌಳಿಯವರಿಗೆ ಮಾತ್ರ ಸಮಾಧಾನವಿರಲಿಲ್ಲ. ಅವರ ವರದಿಯಲ್ಲಿ ಮೂವತ್ತು, ಸರ್ಕಾರದ ಪತ್ರದಲ್ಲಿ ಮೂವತ್ತೆರಡು ಪಾಯಿಂಟ್ ಎಂಟು. ಬಗ್ಗಿ, ನಿರೀಕ್ಷಕಿಯ ಕಿವಿಯ ಬಳಿ ಬಿನ್ನವಿಸಿಕೊಂಡರು: ಇವರನ್ನೆಲ್ಲ ಅರ್ಧ ಗಂಟೆ ಹೊರಗೆ ಕಳಿಸಿ, ಮನೆ ಖಾಲಿ ಮಾಡಿಸಿ, ಇನ್ನೊಂದು ಸಲ ಅಳೆಯಬೇಕು, ಖಾಲಿ ಮನೆಯ ಅಂಕಿಯೇ ನಿಜವಾದ ಅಂಕಿ.

ಹದಿನೈದನೆಯ ದೀಪವಾಗಿ ಗೋಡೆಗೊರಗಿದ್ದ ಗಿರಿಜಾಬಾಯಿ ಕಾಲು ನೀಡಿಕೊಂಡರು. ಕೂಸು ಅವರ ಕಿರುಬೆರಳು ಹಿಡಿದಿತ್ತು.

“ಇಲ್ರೀ ಸರ್. ಒಬ್ಬರನ್ನೂ ಎಬ್ಬಸಂಗಿಲ್ಲ.”