ಬೆಟ್ಟದ ರೇಸಿನ ಬಿಳಿ ಕಾರು

"ಇದನ್ನ ಓಡಿಸ್ತಿದ್ದವರ ಥರ ಇನ್ನೊಬ್ಬರಿಲ್ಲ ಬಿಡಿ! ಬೆಟ್ಟದಲ್ಲಿ ಹದಿನೆಂಟು ತಿರುವು. ಒಂದರಲ್ಲಾದ್ರೂ ಅವರ ಕೈ ನಡುಗಬೇಕಲ್ಲ!"

ಹಳೆಯ ಕಾರುಗಳ ಪ್ರದರ್ಶನದಲ್ಲಿ ಒಂದು ಬಿಳಿ ಕಾರಿನ ಸುತ್ತ ನೆರೆದ ಜನರ ಹಿಂದೆ ನಿಂತಿದ್ದ ಆಕೆಗೆ ಆ ದನಿ ಕೇಳಿದ್ದೇ ತಡ, ಗುರುತು ಸಿಕ್ಕಿತು. ಗ್ಯಾರೇಜಿನ ಮೇಸ್ತ್ರಿ! ಇಪ್ಪತ್ತು ವರ್ಷಗಳ ಹಿಂದೆ ಆಕೆಯದಾಗಿದ್ದ ಇದೇ ರೇಸ್ ಕಾರಿನ ಎಂಜಿನ್ನನ್ನು ಕೈಯಾರೆ ಕಟ್ಟಿದವನು. ಕೊನೆಯ ರೇಸಿನ ಬೆಳಿಗ್ಗೆ ಕಾರು ಹೊರಡದಂತೆ ಅದರ ಕಾರ್ಬುರೇಟರ್ ಬಿಚ್ಚಿಟ್ಟವನೂ ಅವನೇ. "ಇನ್ನು ನನ್ನ ಕಣ್ಣಿಗೆ ಬೀಳಬೇಡಿ" ಎಂದು ಆಕೆ ಎಲ್ಲರೆದುರು ಕೂಗಾಡಿದ್ದಳು. ಅವನು ತಲೆ ತಗ್ಗಿಸಿ ಹೊರಟುಹೋಗಿದ್ದ. ಆಮೇಲೆ ಬೇಸರದಲ್ಲಿ ಆಕೆ ಕಾರನ್ನೇ ಮಾರಿಬಿಟ್ಟಿದ್ದಳು.

ಜನ ಚದುರಿದರು. ಆಕೆಯನ್ನು ಕಂಡದ್ದೇ ಅವನ ಕೈ ಹುಬ್ಬಿಗೆ ಹೋಯಿತು. ಕಿವಿಯ ಬದಿಯ ಕೂದಲು ಬೆಳ್ಳಗಾಗಿತ್ತು. ನಾಚಿದಾಗ ಹುಬ್ಬು ಕೆರೆಯುವ ಅಭ್ಯಾಸ ಮಾತ್ರ ಹಾಗೇ ಇತ್ತು.

"ಆವತ್ತು ಯಾಕೆ ಹಾಗೆ ಮಾಡಿದ್ರಿ?"

"ಸ್ಟಿಯರಿಂಗ್ ರಾಡ್ ಬಿರುಕು ಬಿಟ್ಟಿತ್ತು ಮೇಡಂ. ಬದಲಿ ಇರಲಿಲ್ಲ. ಹೇಳಿದ್ರೆ ನೀವು ಏನು ಮಾಡ್ತಿದ್ರಿ?"

ಆಕೆ ಸ್ವಲ್ಪ ಯೋಚಿಸಿದಳು. "ಓಡಿಸ್ತಿದ್ದೆ."

"ಅದಕ್ಕೇ ಹೇಳಲಿಲ್ಲ."

ಅವನು ಬಾನೆಟ್ ಎತ್ತಿದ. ಜೋಡಿ ಕಾರ್ಬುರೇಟರುಗಳು ಹೊಸದರಂತೆ ಥಳಥಳಿಸುತ್ತಿದ್ದವು. ಕಾರು ಗುಜರಿಯಲ್ಲಿ ಸಿಕ್ಕಿತಂತೆ, ಒಂದೊಂದೇ ಭಾಗ ಹುಡುಕಿ ಸರಿಮಾಡಲು ಒಂಬತ್ತು ವರ್ಷ ಹಿಡಿಯಿತಂತೆ.

"ಕಾರಿನ ಮೇಲೆ ಅಷ್ಟು ಪ್ರೀತಿನಾ?"

ಅವನು ಫಳಫಳ ಹೊಳೆಯುತ್ತಿದ್ದ ಬಾನೆಟ್ಟನ್ನೇ ಮತ್ತೆ ಒರೆಸತೊಡಗಿದ. "ಕಾರಿನ ಮೇಲೂ."

ಆಕೆಯ ಕೆನ್ನೆ ಬಿಸಿಯಾಯಿತು. ಸರಕ್ಕನೆ ಬಾಗಿಲು ತೆಗೆದು ಸ್ಟಿಯರಿಂಗ್ ಮುಂದೆ ಕುಳಿತಳು. "ಹತ್ತಿ ಮೇಸ್ತ್ರಿ. ಕಟ್ಟಿದವರು ಒಂದ್ಸಲನಾದ್ರೂ ಕೂತು ನೋಡಬೇಡವಾ?"

ಮೈದಾನ ದಾಟಿ ಖಾಲಿ ರಸ್ತೆಗೆ ಬಂದದ್ದೇ ಎಂಜಿನ್ ಗುಡುಗಿತು. ಆಕೆಯ ಕಾಲಿಗೆ, ಕೈಗೆ ಒಂದೂ ಮರೆತಿರಲಿಲ್ಲ. ಇಳಿಜಾರಿನ ತಿರುವಿನಲ್ಲಿ ಗೇರ್ ಇಳಿಸಿ, ಕಾರಿನ ಹಿಂಭಾಗ ಒಂದಿಷ್ಟೂ ಅಲುಗದಂತೆ ಹೊರಬಂದಳು. ಇಂಥ ಎಂಜಿನ್ ಕಟ್ಟುವ ಕೈ ಇನ್ನೊಂದಿಲ್ಲ ಎಂದು ಹೆಮ್ಮೆಯಿಂದ ಆಕೆಯ ಎದೆಯುಬ್ಬಿತು.

"ಭಯ ಆಯ್ತಾ?"

"ನಿಮ್ಮ ಪಕ್ಕದಲ್ಲಾ? ಇಲ್ಲಪ್ಪ. ಇಷ್ಟು ದಿನ ಊರಿಗೆಲ್ಲ ಹೇಳ್ಕೊಂಡು ಬಂದಿದ್ದು ಸುಳ್ಳಲ್ಲ ಅಂತ ಖುಷಿಯಾಯ್ತು."

ಆಕೆ ರಸ್ತೆಯಿಂದ ಕಣ್ಣು ಕೀಳದೆ ಕೇಳಿದಳು. "ಮದುವೆ ಆಗಿದ್ದೀರಾ?"

"ಪುರುಸೊತ್ತೆಲ್ಲಿತ್ತು? ಈ ಕಾರು ರಿಪೇರಿ ಮಾಡ್ತಿದ್ದೆನಲ್ಲ."

ಆಕೆ ಬಾಯ್ತುಂಬ ನಕ್ಕಳು. ನಾಲ್ಕನೇ ಗೇರಿಗೆ ಹಾಕಿದ ಕೈಯನ್ನು ಮೆಲ್ಲಗೆ ಅವನ ಕೈಮೇಲೆ ಇಟ್ಟಳು.

"ರಿಪೇರಿ ಮುಗೀತಲ್ಲ. ನನಗೂ ಪುರುಸೊತ್ತಿದೆ."