ಯಾಕೆ ಅಂತ ಕೇಳಬಾರದು

"ನಾನು ಸತ್ತೆ. ಇನ್ನು ನಿಧಾನಕ್ಕೇ ಅಗೀರಿ."

ವಿದ್ಯಾಶ್ರೀ ತಲೆ ಎತ್ತಿದಳು. ಮೊಣಕೈವರೆಗೂ ಮರಳು. ಎದುರಿಗೆ ಗಡಿಯಾರ ಹಿಡಿದು ನಿಂತಿದ್ದ ಎತ್ತರದ ಮನುಷ್ಯ.

"ಹಿಮ ಕುಸಿದು ಹೂತುಹೋದೋರನ್ನ ಹದಿನೈದು ನಿಮಿಷದೊಳಗೆ ತೆಗೀಬೇಕು. ನೀವು ಇಪ್ಪತ್ತೆರಡು ತಗೊಂಡ್ರಿ."

"ಸತ್ತೋರು ಇಷ್ಟು ಮಾತಾಡಲ್ಲ ಸರ್!"

ಅವನು ನಕ್ಕ. ಆ ನಗು ಕಂಡದ್ದೇ ಅವಳಿಗೆ ಯಾಕೋ ಸಿಟ್ಟು ಬಂತು... ಇಷ್ಟು ದಿನ ಎಲ್ಲಿತ್ತು ಈ ನಗು?

ಅವನು ಗಿರಿಧರ್. ಮೈಸೂರಿನವನು, ಸಿಂಗಾಪುರದ ಉಬಿಯಲ್ಲಿ ಕೆಲಸ. ಹಿಮವೇ ಇಲ್ಲದ ಆ ಊರಿನ ಎಂಟು ಕನ್ನಡಿಗರು ಪ್ರತಿ ಫೆಬ್ರವರಿ ಜಪಾನಿನ ಹೊಕ್ಕೈಡೊಗೆ ಹೋಗಿ, ದಾರಿಯಿಲ್ಲದ ಹಿಮಬೆಟ್ಟಗಳಲ್ಲಿ ನಡೆಯುತ್ತಿದ್ದರು. ಅದಕ್ಕಾಗಿ ಭಾನುವಾರ ಬೆಳಿಗ್ಗೆ ಈಸ್ಟ್ ಕೋಸ್ಟ್ ಕಡಲತೀರದ ಮರಳಿನಲ್ಲಿ, ಹೂತವರ ಜಾಗ ತೋರಿಸುವ ಸಿಗ್ನಲ್ ಯಂತ್ರ ಹೂತು ಹುಡುಕುವುದು. ವಾರದ ಸಂಜೆ, ಬೆನ್ನಿಗೆ ನೀರಿನ ಬಾಟಲಿಗಳನ್ನು ಹೊತ್ತು ಸೆಂಗ್‌ಕಾಂಗ್‌ನಲ್ಲಿ ವಿದ್ಯಾಳ ಫ್ಲ್ಯಾಟ್ ಬ್ಲಾಕಿನ ಮೆಟ್ಟಿಲು ಹತ್ತುವುದು.

ಗಿರಿಧರ್ ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಪ್ರತಿ ಮಹಡಿಯ ತಿರುವಿನಲ್ಲೂ ಅವಳಿಗಾಗಿ ನಿಂತಿರುತ್ತಿದ್ದ. ಏದುಸಿರು ತಣಿಯುವವರೆಗೂ ಇಬ್ಬರೂ ಸುಮ್ಮನೆ... ಬಾಗಲಕೋಟೆಯ ತುಂಬಿದ ಮನೆಯಲ್ಲಿ ಬೆಳೆದ ಹುಡುಗಿಗೆ, ಮೌನವೂ ಒಂದು ಜೊತೆ ಅಂತ ಗೊತ್ತಾದದ್ದು ಅಲ್ಲೇ.

ತಂಡಕ್ಕೆ ಅವನು ಮಾಡಿದ ನಿಯಮ ಒಂದೇ.

"ಬೆಟ್ಟದಲ್ಲಿ ಯಾರೇ ಒಬ್ಬರು ಬೇಡ ಅಂದ್ರೆ ಎಲ್ಲರೂ ವಾಪಸ್. ಯಾಕೆ ಅಂತ ಕೇಳಬಾರದು. ಕೇಳಿದ್ರೆ ಮುಂದಿನ ಸಲ ನಾಚ್ಕೊಂಡು ಬಾಯಿ ಬಿಡಲ್ಲ. ಜೀವ ಹೋಗತ್ತೆ."

೨೦೧೫ರ ಫೆಬ್ರವರಿ. ಬಿಳಿ ಇಳಿಜಾರಿನ ಅಂಚಿಗೆ ಮೊದಲು ಹೋಗಿ ನೋಡುವ ಸರದಿ ವಿದ್ಯಾಳದು. ಉಳಿದವರು ಹಿಂದೆ, ಮರಗಳ ಮರೆಯಲ್ಲಿ. ವಾಕಿಟಾಕಿ ಅವಳ ಬಳಿ ಒಂದು, ಗಿರಿಧರ್ ಬಳಿ ಒಂದು.

ಒಂದು ಹೆಜ್ಜೆ ಇಟ್ಟಳು. ಕಾಲ ಕೆಳಗೆ, ಆಳದಲ್ಲೆಲ್ಲೋ, "ಧುಮ್!"

ಮೇಲೆ ಗಟ್ಟಿ ಹಿಮ, ಕೆಳಗೆ ಸಕ್ಕರೆ ಹರಳಿನಂತೆ ಒಂದಕ್ಕೊಂದು ಅಂಟದ ಹಿಮ. ಆ ಸಡಿಲ ಪದರ ಕುಸಿದಾಗ ಬರುವ ಸದ್ದು ಅದು. ಅವಳ ಪಾದದಿಂದ ಕೂದಲೆಳೆಯಂಥ ಬಿರುಕು ಓಡಿತು.

ವಾಕಿಟಾಕಿಯಲ್ಲಿ ಗಿರಿಧರನ ದನಿ: "ವಿದ್ಯಾ, ಬರ್ಲಾ?"

ಅವಳು ಗುಂಡಿ ಒತ್ತಿದಳು. ಸಿಂಗಾಪುರಕ್ಕೆ ಬಂದು ಕಲಿತ ಬೆಂಗಳೂರು ಕನ್ನಡ ಭಯದಲ್ಲಿ ಹಾರಿಹೋಗಿತ್ತು. "ಒಳಗ ಸದ್ದಾತ್ರೀ, ಬಿರುಕು ಬಿಟ್ಟೈತಿ... ಬ್ಯಾಡ್ರಿ! ಬ್ಯಾಡ!"

ಎಲ್ಲರೂ ಹಿಂದಿರುಗಿದರು; ನಿಯಮದಂತೆ ಯಾರೂ ಯಾಕೆ ಅಂತ ಕೇಳಲಿಲ್ಲ. ಹತ್ತು ನಿಮಿಷದಲ್ಲಿ ಬೇರೊಂದು ತಂಡ ಅದೇ ಇಳಿಜಾರನ್ನು ನಗುನಗುತ್ತಾ ದಾಟಿತು. ಏನೂ ಆಗಲಿಲ್ಲ!

ಗಿರಿಧರ್ ಅವಳ ಮುಖ ನೋಡಲಿಲ್ಲ. ವಿಮಾನದಲ್ಲಿ ಬೇರೆ ಸಾಲಿನಲ್ಲಿ ಕೂತ. ಸಿಂಗಾಪುರಕ್ಕೆ ಬಂದ ಮೇಲೆ ಮೆಟ್ಟಿಲಿಗೂ ಬರಲಿಲ್ಲ.

'ನನ್ನ ಹೆದರಿಕೆಯಿಂದ ಅವರ ಒಂದು ವರ್ಷದ ತಯಾರಿ ಹಾಳಾಯ್ತು. ಒಂದು ಮಾತು ಬೈಬಾರದಿತ್ತೇ?'

ಅವಳು ಒಬ್ಬಳೇ ಹತ್ತುತ್ತಿದ್ದಳು. ಪ್ರತಿ ತಿರುವಿನಲ್ಲೂ ಖಾಲಿ ಗೋಡೆ. ಹನ್ನೊಂದು ತಿಂಗಳು... ಏದುಸಿರು ತಣಿದರೂ ಅವಳು ಅಲ್ಲೇ ನಿಂತಿರುತ್ತಿದ್ದಳು.

ಜನವರಿಯಲ್ಲಿ ತಂಡದ ರೇಣುಕಾ ಫೋನ್ ಮಾಡಿದಳು.

"ಏ ವಿದ್ಯಾ, ಹೊಸಬರಿಗೆ ತೋರ್ಸೋಕೆ ಹೋದ ವರ್ಷದ ನೋಟ್ಸ್ ಮಾಡ್ತಿದೀನಿ ಕಣೇ. ವಾಪಸ್ ಬಂದ ಕಾರಣ ಅನ್ನೋ ಕಡೆ ಗಿರಿ ಏನ್ ಬರ್ದಿದಾನೆ ಗೊತ್ತಾ? 'ಗೊತ್ತಿಲ್ಲ. ಕೇಳಲಿಲ್ಲ.' ಅಷ್ಟೇ! ಮಹಾನುಭಾವ! ನೀನಾದ್ರೂ ಬರಿ. ಈ ಸಲ ಅವ್ನು ಬರೋದೂ ಇಲ್ವಂತೆ."

"ಯಾಕಂತೆ?"

"ಕೇಳೋ ಹಾಗಿಲ್ವಲ್ಲಮ್ಮ ನಮ್ಮಲ್ಲಿ!"

ವಿದ್ಯಾ ಸದ್ದನ್ನು ಬರೆದಳು. ಬಿರುಕನ್ನು ಬರೆದಳು. ಕೊನೆಗೆ ಒಂದು ಸಾಲು: "ನನ್ನ ಹಿಂದೆ ಬರುತ್ತಿದ್ದವರು ನನಗೆ ಬೇಕಾಗಿದ್ದರು. ಅದಕ್ಕೇ ಬೇಡ ಅಂದೆ."

ಮರುದಿನ ಸಂಜೆ, ಚಾಂಗಿ ಬಿಸಿನೆಸ್ ಪಾರ್ಕಿನ ತನ್ನ ಆಫೀಸಿನಿಂದ ಎಕ್ಸ್‌ಪೋ ಸ್ಟೇಷನ್ನಿಗೆ ನಡೆದುಬಂದಾಗ ಗೇಟಿನ ಬಳಿ ಗಿರಿಧರ್ ನಿಂತಿದ್ದ. ಸೊರಗಿದ್ದ. ಕೈಯ ಫೋನಿನಲ್ಲಿ ಅವಳು ಬರೆದ ನೋಟ್ಸ್.

"ನೀವು ಅವತ್ತು ಬೇಡ ಅಂದಿದ್ದು... ಹಿಮಕ್ಕಾ?"

"ಮತ್ತ್ಯಾತಕ್ಕ್ರೀ?"

ಅವನು ಕಂಬಕ್ಕೆ ಒರಗಿದ.

"ನಾನು 'ಬರ್ಲಾ' ಅಂತ ಅಷ್ಟೇ ಕೇಳ್ಲಿಲ್ಲ ವಿದ್ಯಾ. 'ಬರೀ ಈ ಇಳಿಜಾರಿಗಲ್ಲ, ಜೀವನಪೂರ್ತಿ ಜೊತೆಗೆ ಬರ್ತೀನಿ, ಬೇಕಾ' ಅಂತ ಕೇಳ್ದೆ. ಎದುರಿಗೆ ನಿಂತು ಕೇಳೋ ಧೈರ್ಯ ಇರ್ಲಿಲ್ಲ, ಉಳಿದೋರಿಂದ ದೂರ ಸರಿದು ಕೇಳ್ದೆ. ಗುಂಡಿ ಬಿಟ್ಟಾಗ ಕೇಳ್ಸಿದ್ದು ಬ್ಯಾಡ, ಬ್ಯಾಡ ಅನ್ನೋದೊಂದೇ."

ವಾಕಿಟಾಕಿಯಲ್ಲಿ ಇಬ್ಬರೂ ಒಟ್ಟಿಗೆ ಗುಂಡಿ ಒತ್ತಿದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದು. ಅವನ ಪ್ರಶ್ನೆ ಅವಳಿಗೆ ಮುಟ್ಟಿರಲಿಲ್ಲ. ಅವಳ ಕಾರಣ ಅವನಿಗೆ ಮುಟ್ಟಿರಲಿಲ್ಲ!

"ಮತ್ತೆ... ಯಾಕೆ ಅಂತ ಒಂದು ಮಾತು..."

"ಕೇಳಬಾರದು ಅಂತ ನಾನೇ ನಿಯಮ ಮಾಡಿದ್ನಲ್ಲ."

"ಅದು ಬೆಟ್ಟಕ್ಕ್ರೀ! ಹೆಣ್ಣುಮಕ್ಕಳಿಗಲ್ಲ!" ಅವಳ ಕಣ್ಣು ತುಂಬಿತು. "ಹನ್ನೊಂದು ತಿಂಗಳು... ನಿಮಗ ನನ್ನ ಮ್ಯಾಲೆ ಸಿಟ್ಟು ಅಂತ ತಿಳ್ಕೊಂಡು..."

"ಸಿಟ್ಟಾ? ದಿನಾ ಸಂಜೆ ನಿಮ್ ಬ್ಲಾಕಿನ ಎದುರು ಬಸ್ ಸ್ಟಾಪಲ್ಲಿ ಕೂತಿರ್ತಿದ್ದೆ. ನೀವು ಮೆಟ್ಟಿಲು ಹತ್ತಿ ಇಳ್ಯೋವರ್ಗೂ."

ಜನ ಅವರಿಬ್ಬರನ್ನು ಬಳಸಿಕೊಂಡು ಗೇಟಿನೊಳಗೆ ಹೋಗುತ್ತಿದ್ದರು. ವಿದ್ಯಾ ಕಣ್ಣೊರೆಸಿಕೊಂಡಳು.

"ಮುಂದಿನ ವಾರ ನಮ್ಮವ್ವ ಬರಾಕತ್ತಾಳ. ಊಟಕ್ಕ ಬರ್ರಿ. ಖಾರ ತಿಂತೀರೇನು?"

"ಅಭ್ಯಾಸ ಇಲ್ಲ."

"ಮಾಡ್ಕೋರಿ," ಅವಳು ಅವನ ತೋಳು ಹಿಡಿದಳು. "ಭಾಳ ವರ್ಷ ತಿನ್ನೂದೈತಿ."